ನಾನು ಅತ್ತೆಯಾಗಿದ್ದ ವರ್ಷಗಳು

ಹದಿನಾಲ್ಕು ತುಂಬುವ ತನಕ ನಮ್ಮ ಮನೆಯಲ್ಲಿ ನಾನು ನನ್ನ ಸೋದರತ್ತೆಯಾಗಿದ್ದೆ. ಕೇಳಿದವರು ನಗುತ್ತಾರೆ, ನಗಲಿ. ಸ್ಕೂಲಿನ ಹಾಜರಿಯಲ್ಲಿ ನನ್ನ ಹೆಸರು ಸುನೀತಾ. ಮನೆಯ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಹೊಸಿಲು ದಾಟಿದೆನೋ ಇಲ್ಲವೋ, ನಾನು ಪ್ರೇಮಾ. ಪ್ರೇಮಾ ಎಂದರೆ ಅಪ್ಪನ ಅಕ್ಕ, ಅಜ್ಜಿಯ ಒಬ್ಬಳೇ ಮಗಳು. ಹದಿನಾರಕ್ಕೇ ಕಾಮಾಲೆಯಾಗಿ ತೀರಿಕೊಂಡವಳು. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಅವಳು ಹೋಗಿಯಾಗಿತ್ತು. ನಾನು ಅವಳನ್ನು ಕಂಡಿದ್ದು ಹಾಲಿನ ಗೋಡೆಯ ಮೇಲಿದ್ದ ಒಂದು ಕಪ್ಪುಬಿಳುಪು ಫೋಟೋದಲ್ಲಿ ಮಾತ್ರ. ಆ ಹುಡುಗಿಗೆ ನನ್ನದೇ ಮೂಗು, ನನ್ನದೇ ಕಿವಿ, ಹಣೆಯ ಮೇಲೆ ಕೂದಲು ತಿರುಗುವ ಕಡೆ ನನ್ನದೇ ಸುಳಿ. 'ನನ್ನದೇ' ಅನ್ನುವುದು ಈಗಿನ ಧೈರ್ಯದ ಮಾತು. ಆಗ ಎಲ್ಲರೂ ಹೇಳುತ್ತಿದ್ದದ್ದು ತಿರುಗಾಮುರುಗಾ: ಇವಳಿಗೆ ಅವಳದೇ ಮೂಗು, ಅವಳದೇ ಕಿವಿ, ಅವಳದೇ ಸುಳಿ. ಹೀಗೆ ಒಂದೊಂದಾಗಿ ಎಲ್ಲವನ್ನೂ ಅವಳಿಗೇ ಒಪ್ಪಿಸಿದ ಮೇಲೆ ನನಗೆಂದು ಉಳಿಯುತ್ತಿದ್ದದ್ದು ನೆಗಡಿಯೊಂದೇ.

ನಾವಿದ್ದದ್ದು ಅತ್ತಿಗುಪ್ಪೆಯಲ್ಲಿ, ಜಯಮ್ಮ ಎಂಬವರ ಮನೆಯ ಮೇಲಿನ ಮಹಡಿಯಲ್ಲಿ, ಬಾಡಿಗೆಗೆ. ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ. ಮಧ್ಯಾಹ್ನದ ಬಿಸಿಲು ಯಾರ ಅಪ್ಪಣೆಯನ್ನೂ ಕೇಳದೆ ಹಾಲಿಗೆ ಬಂದು, ಕೆಂಪು ನೆಲದ ಮೇಲೆ ಮೈಚಾಚಿ, ಸಂಜೆಯ ಹೊತ್ತಿಗೆ ಸೋಫಾದ ಕಾಲು ಹಿಡಿದುಕೊಂಡು ಮೇಲೆದ್ದು ಹೋಗುತ್ತಿತ್ತು. ಎರಡು ರೂಮು, ಒಂದು ಹಾಲು, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕಾದಂಥ ಅಡುಗೆಮನೆ. ಒಂದು ರೂಮಿನಲ್ಲಿ ಅಪ್ಪ, ಅಮ್ಮ ಮತ್ತು ಅಮ್ಮ ಬ್ಲೌಸು ಹೊಲಿಯುತ್ತಿದ್ದ ಮಿಷನ್ನು. ಇನ್ನೊಂದರಲ್ಲಿ ಅಜ್ಜಿ, ನಾನು ಮತ್ತು ಅಜ್ಜಿಯ ಕಬ್ಬಿಣದ ಟ್ರಂಕು. ಆ ಟ್ರಂಕಿನ ತಳದಲ್ಲಿ, ನುಸಿಗುಳಿಗೆಯ ಘಾಟಿನ ನಡುವೆ, ಒಂದು ಬಿಳಿ ಸೀರೆ ಇತ್ತು. ಪ್ರೇಮತ್ತೆಯ ದೀಕ್ಷಾಸ್ನಾನಕ್ಕೆಂದು ಅಜ್ಜಿ ತಂದಿಟ್ಟಿದ್ದ ಸೀರೆ.

ನಮ್ಮ ಕ್ರೈಸ್ತ ಸಭೆಯಲ್ಲಿ ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಮಗು ಬೆಳೆದು, ಬುದ್ಧಿ ಬಂದು, ತಾನಾಗಿ 'ನನಗೆ ಯೇಸು ಬೇಕು' ಅಂದ ಮೇಲೆ ನೀರಿಗಿಳಿಸಿ, ಮುಳುಗಿಸಿ, ಮೇಲೆತ್ತುತ್ತಾರೆ. ಯಾರ ಪರವಾಗಿ ಯಾರೂ ಇಳಿಯುವ ಹಾಗಿಲ್ಲ, ಯಾರನ್ನೂ ತಳ್ಳುವ ಹಾಗಿಲ್ಲ. ಪ್ರೇಮತ್ತೆಯ ಸರದಿ ಬಂದಿತ್ತಂತೆ, ಸೀರೆಯೂ ಬಂದಿತ್ತಂತೆ, ಅಷ್ಟರಲ್ಲಿ ಕಾಮಾಲೆ ಬಂತಂತೆ. ಈ ಕಥೆಯನ್ನು ಅಜ್ಜಿ ಯಾವಾಗಲೂ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದಳು.

"ನೀರಿಗಿಳೀದೇ ಹೋಗ್ಬಿಡ್ತು ಕಣೇ ನನ್ನ ಕೂಸು."

ವರ್ಷಕ್ಕೊಮ್ಮೆ, ಈಸ್ಟರ್ ಹತ್ತಿರವಾದಾಗ, ಅಜ್ಜಿ ಆ ಸೀರೆಯನ್ನು ಒಗೆದು, ಗಂಜಿ ಹಾಕಿ, ತಾರಸಿಯ ಮೇಲೆ ಹರವುತ್ತಿದ್ದಳು. ನಾನು ನೀರಿನ ಸಿಂಟೆಕ್ಸಿನ ನೆರಳಲ್ಲಿ ಕೂತು ಕಾವಲು ಕಾಯಬೇಕು. ಗಾಳಿ ಬಂದಾಗ ಸೀರೆ ಉಬ್ಬುತ್ತಿತ್ತು, ಒಳಗೆ ಯಾರೋ ನಿಂತು ಉಸಿರೆಳೆದುಕೊಂಡಂತೆ. ಗಾಳಿ ನಿಂತರೆ ಆ ಯಾರೋ ಇರುತ್ತಿರಲಿಲ್ಲ. ನನಗೆ ಹೆದರಿಕೆಯೇನೂ ಆಗುತ್ತಿರಲಿಲ್ಲ. ಅರ್ಧ ನಿದ್ದೆ, ಅರ್ಧ ಬಿಸಿಲು, ಗಂಜಿಯ ಹುಳಿವಾಸನೆ. ಅವಳು ಆ ಕಡೆ, ನಾನು ಈ ಕಡೆ, ನಡುವೆ ಒಂದು ಒದ್ದೆ ಬಟ್ಟೆ. ಕೆಲವು ಸಲ ಆ ಕಡೆ ಇರುವುದು ನಾನೇ ಅನ್ನಿಸಿ, ಎದ್ದು ಹೋಗಿ ನೋಡಿ ಬರುತ್ತಿದ್ದೆ.

ಜಯಮ್ಮನವರದು ಅತ್ತಿಗುಪ್ಪೆಯ ಹಳೇ ಕುಳ. ಈ ರಸ್ತೆ, ಆ ಬೇಕರಿ, ಎದುರಿನ ಮೊಬೈಲ್ ಅಂಗಡಿ ಎಲ್ಲವೂ ಅವರ ಮಾವನ ರಾಗಿ ಹೊಲ. ನಾನು ಮೆಟ್ಟಿಲು ಹತ್ತುವಾಗೆಲ್ಲ ಗದ್ದಕ್ಕೆ ಕೈಹಚ್ಚಿ ನೋಡುತ್ತಿದ್ದರು.

"ಏನೇ ಹೇಳಿ ಅಜ್ಜಿ, ನಿಮ್ ಮಗಳೇ ವಾಪಸ್ ಹುಟ್ಟಿ ಬಂದವ್ಳೆ. ನಮ್ ಕಡೇಲೂ ಹಿಂಗೇ ಆಗಿತ್ತು."

"ಅಯ್ಯೋ ಸುಮ್ನಿರಿ ಜಯಮ್ಮ, ನಮ್ಮಲ್ಲಿ ಹಂಗೆಲ್ಲ ಇಲ್ಲ. ಹುಟ್ಟೋದು ಒಂದ್ಸಲ, ಸಾಯೋದು ಒಂದ್ಸಲ, ಅಷ್ಟೇ," ಎಂದು ಅಜ್ಜಿ ಖಡಕ್ಕಾಗಿ ಹೇಳುವಳು. ಹೇಳಿ, ಮೇಲೆ ಬಂದು, ಬಾಗಿಲು ಹಾಕಿಕೊಂಡ ಮೇಲೆ, "ಪ್ರೇಮಾ, ಬಾ ತಲೆ ಬಾಚ್ತೀನಿ," ಅನ್ನುವಳು. ಬಾಯಲ್ಲಿ ಒಂದು ಧರ್ಮ, ಬಾಚಣಿಗೆಯಲ್ಲಿ ಇನ್ನೊಂದು. ಅಜ್ಜಿಯ ಮೇಲೆ ಈಗ ನನಗೆ ಸಿಟ್ಟಿಲ್ಲ, ಆದರೆ ಆ ಬಿಗಿ ಎರಡು ಜಡೆಗಳ ಮೇಲೆ ಇವತ್ತಿಗೂ ಇದೆ.

ಪ್ರೇಮಾಗೆ ಎರಡು ಜಡೆ ಇಷ್ಟ, ಹಾಗಾಗಿ ನನಗೆ ಎರಡು ಜಡೆ. ಪ್ರೇಮಾ ಸಭೆಯಲ್ಲಿ ಗಟ್ಟಿಯಾಗಿ ಕೀರ್ತನೆ ಹಾಡುತ್ತಿದ್ದಳು, ಹಾಗಾಗಿ ಕಾಗೆಯ ಕಂಠದ ನಾನು ಮೊದಲನೇ ಸಾಲಿನಲ್ಲಿ. ಪ್ರೇಮಾಗೆ ಶಾವಿಗೆ ಪಾಯಸದ, ತುಪ್ಪದಲ್ಲಿ ಉಬ್ಬಿದ ಒಣದ್ರಾಕ್ಷಿ ಪ್ರಾಣ. ಹಬ್ಬ ಬಂತೆಂದರೆ ಅಜ್ಜಿ ಪಾತ್ರೆಯ ತಳ ಕೆದಕಿ, ಎಲ್ಲರ ಪಾಲಿನ ದ್ರಾಕ್ಷಿಯನ್ನೂ ಹುಡುಕಿ ನನ್ನ ಬಟ್ಟಲಿಗೇ ಹಾಕುವಳು. ನನಗೆ ಆ ಮೆತ್ತನೆ ಉಂಡೆ ಹಲ್ಲಿಗೆ ಸಿಕ್ಕರೆ ಮೈಯೆಲ್ಲ ಜುಂ ಅನ್ನುತ್ತಿತ್ತು. ಅಗಿಯದೆ, ಮಾತ್ರೆಯ ಹಾಗೆ ನುಂಗುತ್ತಿದ್ದೆ. ಅಜ್ಜಿಯ ಮುಖ ಅರಳುತ್ತಿತ್ತು. ಆ ಮುಖಕ್ಕೋಸ್ಕರ ಇನ್ನೊಂದು ನುಂಗುತ್ತಿದ್ದೆ.

ಇದೆಲ್ಲ ಹಿಂಸೆಯಾಗಿತ್ತು ಎಂದರೆ ಸುಳ್ಳಾದೀತು. ಸುಖವೂ ಇತ್ತು. ಸಂಜೆ ಕರೆಂಟು ಹೋದಾಗ ಅಜ್ಜಿ ರಾಜಾಜಿನಗರದ ಹಳೇ ವಠಾರದ ಕಥೆ ಹೇಳುವಳು: ತಾತ ಫ್ಯಾಕ್ಟರಿಯಿಂದ ಬರುವ ಹೊತ್ತು, ವಠಾರದ ನಡುವಿನ ಬಾವಿ, ಬಾವಿಯ ಪಕ್ಕದ ಸೀಬೆಮರ, ಬಾವಿಗೆ ಬಿದ್ದ ತಾಮ್ರದ ಬಿಂದಿಗೆ. "ನೀನು ಅತ್ತಿದ್ಯಲ್ಲ, ಬಿಂದಿಗೆ ಮುಳುಗಿತು ಅಂತ, ನೆನಪಿದ್ಯಾ?" ಅನ್ನುವಳು. ನೆನಪಿತ್ತು! ದೇವರಾಣೆಗೂ ನೆನಪಿತ್ತು. ಆ ಬಿಂದಿಗೆ ಗುಳುಗುಳು ಎಂದು ಇಳಿಯುವಾಗ ಅದರ ಬಾಯಲ್ಲಿ ಒಂದು ತುಂಡು ಆಕಾಶ ಹೊಳೆದದ್ದು ನನಗೆ ಕಾಣುತ್ತಿತ್ತು. ನಾನು ಬಾವಿಯನ್ನೇ ನೋಡಿದವಳಲ್ಲ. ನಮ್ಮ ಮನೆಗೆ ಬರುತ್ತಿದ್ದದ್ದು ಕಾವೇರಿ ನೀರು, ಅದೂ ಎರಡು ದಿನಕ್ಕೊಮ್ಮೆ. ಆದರೂ ಇವತ್ತು ಕಣ್ಣು ಮುಚ್ಚಿದರೆ ಮೊದಲು ಬರುವ ಬಾಲ್ಯದ ನೆನಪು ಆ ಬಿಂದಿಗೆಯೇ. ಯಾರದೋ ಬಾಲ್ಯ, ನನ್ನ ಕಣ್ಣು.

ನನ್ನನ್ನು ಕಾಡುತ್ತಿದ್ದದ್ದು ಮಾತ್ರ ಸಂಜೆಯ ಕುಟುಂಬ ಪ್ರಾರ್ಥನೆ. ಹಾಲಿನಲ್ಲಿ ಚಾಪೆ ಹಾಸಿ ಎಲ್ಲರೂ ಮೊಣಕಾಲೂರುತ್ತಿದ್ದೆವು. ಅಜ್ಜಿ ಒಬ್ಬೊಬ್ಬರ ಹೆಸರನ್ನೂ ಹಿಡಿದು ಬೇಡುವಳು. ಅಪ್ಪನ ಹೆಸರು ಬರುತ್ತಿತ್ತು, ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಅವನ ಕೈ ಲೇತಿಗೆ ಸಿಕ್ಕದಿರಲಿ ಎಂದು. ಅಮ್ಮನ ಹೆಸರು ಬರುತ್ತಿತ್ತು, ಬೆನ್ನುನೋವು ಹೋಗಲಿ ಎಂದು. ಆಮೇಲೆ, "ನಮ್ಮ ಪ್ರೇಮಾನ ಕಾಪಾಡಪ್ಪಾ." ನಾನು ಕಣ್ಣು ಬಿಟ್ಟು ಫೋಟೋ ನೋಡುತ್ತಿದ್ದೆ. ದೇವರು ಪ್ರೇಮಾ ಎಂದು ಕೇಳಿಸಿಕೊಂಡು ಎಲ್ಲಿ ಹುಡುಕುತ್ತಾನೆ? ಅಲ್ಲಿ, ತನ್ನ ಹತ್ತಿರವೇ ಇರುವವಳನ್ನು ಕಾಪಾಡಿ ಸುಮ್ಮನಾದರೆ, ಇಲ್ಲಿ ಬಸ್‌ಸ್ಟಾಪಿನಲ್ಲಿ ರಸ್ತೆ ದಾಟುವ ನನ್ನ ಗತಿ? ಅವನ ಲೆಕ್ಕದಲ್ಲಿ ಸುನೀತಾ ಎಂಬುವಳು ಇದ್ದಾಳೋ ಇಲ್ಲವೋ. ಹಾಗಾಗಿ ಚಾಪೆ ಸುತ್ತುವ ಗದ್ದಲದಲ್ಲಿ ನಾನೇ ಒಂದು ಸಣ್ಣ ಪ್ರಾರ್ಥನೆ ಸೇರಿಸುತ್ತಿದ್ದೆ: ದೇವರೇ, ನಾನು ಸುನೀತಾ, ಅತ್ತಿಗುಪ್ಪೆ, ಜಯಮ್ಮನವರ ಮನೆ ಮೇಲೆ. ನನ್ನ ಇಡೀ ಜೀವನದಲ್ಲಿ ಅಷ್ಟು ಪ್ರಾಮಾಣಿಕವಾದ ಪ್ರಾರ್ಥನೆಯನ್ನು ನಾನು ಮತ್ತೆ ಮಾಡಿಲ್ಲ.

ಒಮ್ಮೆ ಅಮ್ಮ ಇದನ್ನು ಕೇಳಿಸಿಕೊಂಡುಬಿಟ್ಟಳು. ಅವತ್ತು ಅಡುಗೆಮನೆಯಲ್ಲಿ ಜಗಳ.

"ಅತ್ತೆ, ಅವಳ ಹೆಸರು ಸುನೀತಾ. ನಾನೂ ಅವರೂ ಕೂತು ಯೋಚನೆ ಮಾಡಿ ಇಟ್ಟಿದ್ದು."

"ಕರೆದ್ರೆ ಏನಾಯ್ತಮ್ಮ? ಕರೆಯೋ ಬಾಯಿ ನಂದು."

"ಬಾಯಿ ನಿಮ್ಮದೇ. ಮಗು ಯಾರದು?"

ಅಜ್ಜಿ ಎರಡು ದಿನ ಊಟ ಬಿಟ್ಟಳು. ಅಮ್ಮನೇ ಸೋತು ಮುದ್ದೆ ಕಟ್ಟಿ ತಟ್ಟೆ ಮುಂದಿಟ್ಟಳು. ಅಪ್ಪ ಎಂದಿನಂತೆ ಪೇಪರಿನ ಹಿಂದೆ ಇದ್ದ.

ನನಗೆ ಹದಿಮೂರು ದಾಟಿ ಹದಿನಾಲ್ಕು ಹತ್ತಿರವಾದಾಗ ಅಜ್ಜಿ ಟ್ರಂಕಿನಿಂದ ಸೀರೆ ತೆಗೆದು ನನ್ನ ಭುಜಕ್ಕೆ ಹಿಡಿದು ನೋಡಿದಳು. "ಈ ಈಸ್ಟರ್‌ಗೆ ನೀರಿಗಿಳಿ ಮಗಾ," ಅಂದಳು. ಇನ್ನೊಂದು ಮಾತನ್ನು ಕಿವಿಯ ಹತ್ತಿರ ಬಂದು ಹೇಳಿದಳು. "ನೀನು ಇಳಿದ್ರೆ ಅವಳು ಇಳಿದಂಗೇನೇ. ನನ್ನ ಎದೆ ಮೇಲಿಂದ ಒಂದು ಕಲ್ಲು ಇಳಿಯುತ್ತೆ." ಆ ಕಲ್ಲು ನನಗೆ ಗೊತ್ತಿತ್ತು. ಅದರ ಪಕ್ಕದಲ್ಲೇ ದಿನಾ ಮಲಗುತ್ತಿದ್ದವಳು ನಾನು. ಹೂಂ ಅಂದೆ.

ನಮ್ಮ ಸಭೆ ಸೇರುತ್ತಿದ್ದದ್ದು ನಾಯಂಡಹಳ್ಳಿಯಲ್ಲಿ, ಗೋಡೌನುಗಳ ಹಿಂದಿನ ಶೀಟಿನ ಹಾಲಿನಲ್ಲಿ. ಪಾಸ್ಟರ್ ಗದಗದ ಕಡೆಯವರು, ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಮಾತು ಮಾತ್ರ ಊರು ಬಿಟ್ಟು ಬಂದಿರಲಿಲ್ಲ. ಪ್ರಸಂಗ ಮಾಡುವಾಗ ಅವರು ನಿಲ್ಲುತ್ತಿದ್ದ ವೇದಿಕೆಯ ಹಲಗೆಗಳ ಕೆಳಗೆ ದೀಕ್ಷಾಸ್ನಾನದ ತೊಟ್ಟಿ. ವರ್ಷವೆಲ್ಲ ಅದು ಒಣಗಿರುತ್ತಿತ್ತು. ಕ್ರಿಸ್‌ಮಸ್ ನಕ್ಷತ್ರಗಳು, ನಾಟಕದ ಕುರುಬರ ಕೋಲು, ಮುರಿದ ಕುರ್ಚಿಗಳು ಎಲ್ಲ ಅದರೊಳಗೇ. ಅವರು ಹೆಜ್ಜೆ ಹಾಕಿದಾಗ ಹಲಗೆ ಡೊಳ್ಳು ಡೊಳ್ಳಾಗಿ ಸದ್ದು ಮಾಡುತ್ತಿತ್ತು. ನಾನು ಪ್ರಸಂಗ ಬಿಟ್ಟು ಆ ಸದ್ದನ್ನೇ ಕೇಳುತ್ತಾ, ಕೆಳಗಿನ ಕತ್ತಲೆಯಲ್ಲಿ ನಕ್ಷತ್ರಗಳು ಏನು ಮಾಡುತ್ತಿರಬಹುದು ಎಂದು ಯೋಚಿಸುತ್ತಿದ್ದೆ.

ನೀರಿಗಿಳಿಯುವವರಿಗೆ ಶನಿವಾರ ಪಾಠ. ದೇವರು ಮೊದಲ ಗಂಡು ಹೆಣ್ಣನ್ನು ಇಟ್ಟ ಆದಿ ತೋಟದ ಕಥೆ ಬಂದಾಗ ನಾನು ಕೇಳಿಯೇಬಿಟ್ಟೆ: ಅವರು ಹಣ್ಣು ತಿನ್ನುತ್ತಾರೆ ಅಂತ ದೇವರಿಗೆ ಗೊತ್ತಿತ್ತಲ್ಲ, ಮತ್ತೆ ಆ ಮರ ಯಾಕೆ ನೆಟ್ಟ? ಬೇಲಿಯಾದರೂ ಹಾಕಬಹುದಿತ್ತಲ್ಲ?

ಪಾಸ್ಟರ್ ನಕ್ಕರು. "ಭಾಳ ಚಲೋ ಕೇಳಿದೆವಾ. ಬೇಲಿ ಹಾಕಿದ್ರ ಅದು ತೋಟ ಆಗೂದಿಲ್ಲ, ಜೇಲ್ ಆಗತೈತಿ. ಬ್ಯಾಡ ಅನ್ನಾಕ ದಾರೀನ ಇಲ್ಲದಾಗ ಹೂಂ ಅಂದ್ರ ಅದಕ್ಕೇನ್ ಬೆಲಿ ಐತಿ? ದೇವ್ರಿಗೆ ಗೊಂಬಿ ಬೇಕಿದ್ದಿಲ್ಲ, ಮನಷ್ಯಾ ಬೇಕಿದ್ದ."

"ಒಬ್ಬರ ಬದಲು ಇನ್ನೊಬ್ಬರು ಹೂಂ ಅನ್ನಬಹುದಾ ಅಂಕಲ್?"

"ನಿನಗ ಹಸಿವಾದ್ರ ನಾ ಉಂಡ್ರ ನಡೀತೈತೇನು? ಇದೂ ಹಂಗ ಐತಿ. ಬಾಯಿ ಯಾರದೋ ಹೊಟ್ಟಿ ಅವರದ."

ಆ ಮಾತು ಹೊತ್ತುಕೊಂಡು ನಾನು ಅತ್ತಿಗುಪ್ಪೆಯ ತನಕ ನಡೆದೇ ಬಂದೆ. ನನಗೆ ಯೇಸು ಬೇಡವೆಂದಲ್ಲ. ನಿಜ ಹೇಳಬೇಕೆಂದರೆ, ನನ್ನನ್ನು ನನ್ನ ಹೆಸರಿನಿಂದ ಕರೆಯಬಲ್ಲವನು ಅವನೊಬ್ಬನೇ ಇರಬಹುದು ಎಂಬ ಆಸೆಯಿತ್ತು. ಆದರೆ ಅವನು ಇನ್ನೂ ಕರೆದಿರಲಿಲ್ಲ. ಕರೆದಿದ್ದು ಅಜ್ಜಿ. ಅದೂ ನನ್ನನ್ನಲ್ಲ.

ಈಸ್ಟರ್ ಹಿಂದಿನ ಸಂಜೆ ಟ್ಯಾಂಕರ್ ಬಂದು ತೊಟ್ಟಿ ತುಂಬಿಸಿ ಹೋಗಿತ್ತು. ಬೆಳಿಗ್ಗೆ ಅಮ್ಮ ನನಗೆ ಸೀರೆ ಉಡಿಸಿದಳು. ಉದ್ದ ಹೆಚ್ಚಾಗಿ, ಸೊಂಟದ ಸುತ್ತ ಪಿನ್ನು ಚುಚ್ಚಿ ಚುಚ್ಚಿ, "ನಿಂಗೆ ಇಷ್ಟ ಇದ್ಯಾ?" ಎಂದು ಪಿನ್ನು ಬಾಯಲ್ಲಿಟ್ಟುಕೊಂಡೇ ಕೇಳಿದಳು. ನಾನು ಪಿನ್ನು ಎಣಿಸಿದೆ. ಅಡುಗೆಮನೆಯಲ್ಲಿ ಅಜ್ಜಿ ತುಪ್ಪದಲ್ಲಿ ದ್ರಾಕ್ಷಿ ಹುರಿಯುತ್ತಿದ್ದ ಘಮ ಮನೆಯೆಲ್ಲ ತುಂಬಿತ್ತು.

ಸಭೆಯಲ್ಲಿ ಹಲಗೆಗಳನ್ನು ತೆಗೆದಿದ್ದರು. ನಕ್ಷತ್ರಗಳೆಲ್ಲ ಗೋಡೆಗೊರಗಿ ಕೂತಿದ್ದವು. ಪಾಸ್ಟರ್ ಸೊಂಟಮಟ್ಟ ನೀರಿನಲ್ಲಿ ನಿಂತಿದ್ದರು. ನನಗಿಂತ ಮುಂದೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಮಂಜುಳಕ್ಕ. "ನಿನ್ನ ಸ್ವಂತ ಮನಸ್ಸಿನಿಂದ ಬಂದೀಯೇನವಾ?" ಎಂದು ಕೇಳಿದ್ದಕ್ಕೆ, "ಹೂಂ ಅಂಕಲ್!" ಎಂದು ಶೀಟು ಅದುರುವ ಹಾಗೆ ಕೂಗಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗುತ್ತಲೇ ಮುಳುಗಿ, ಅಳುತ್ತಾ ಮೇಲೆದ್ದಳು. ಆ ಹೂಂ ಅವಳ ಪಾದದಿಂದ ಎದ್ದು ಬಂದಿತ್ತು. ನನ್ನ ಹೂಂ ಎಲ್ಲಿದೆ ಎಂದು ನಾನು ಒಳಗೆ ಹುಡುಕಿದೆ. ಗಂಟಲಿನಲ್ಲಿ, ನುಂಗಿದ ದ್ರಾಕ್ಷಿಯ ಹಾಗೆ, ಅಜ್ಜಿಯ ಮುಖ ಮಾತ್ರ ಸಿಕ್ಕಿತು.

ಒಂದು ಮೆಟ್ಟಿಲಿಳಿದೆ, ಇನ್ನೊಂದು. ನೀರು ಮೊಣಕಾಲಿಗೆ ಬಂತು. ಸೀರೆ ಸುತ್ತಲೂ ಬಿಳಿ ಹೂವಿನಂತೆ ಅರಳಿ ತೇಲಿತು. ಅಜ್ಜಿ ಮೇಲಿನ ಮೆಟ್ಟಿಲಿನ ಹತ್ತಿರ ಟವೆಲ್ ಬಿಚ್ಚಿ ಹಿಡಿದು ನಿಂತಿದ್ದಳು.

"ಸುನೀತಾ," ಅಂದರು ಪಾಸ್ಟರ್. "ನಿನ್ನ ಸ್ವಂತ ಮನಸ್ಸಿನಿಂದ ಬಂದೀಯೇನವಾ?"

ನನ್ನ ಹೆಸರು. ಆ ನೀರಿನ ಮೇಲೆ, ಆ ಮಂದಿಯ ಮುಂದೆ, ನನ್ನ ಹೆಸರು. ಅದನ್ನು ಕೇಳಿದ ಮೇಲೆ ಸುಳ್ಳು ಹೇಳಲು ನಾಲಿಗೆಯೇ ಏಳಲಿಲ್ಲ.

"ಇಲ್ಲ ಅಂಕಲ್," ಅಂದೆ.

ಪಾಸ್ಟರ್ ನನ್ನ ತಲೆಯ ಮೇಲೆ ಒದ್ದೆ ಕೈಯಿಟ್ಟರು. "ಚಲೋ ಆತು. ಖರೆ ಹೇಳಿದಿ. ಮನಸ್ಸಾದಾಗ ಬಾರವಾ, ನೀರೇನ್ ಎಲ್ಲಿ ಹೋಗೂದಿಲ್ಲ," ಅಂದರು. ನಾನು ತಿರುಗಿ ಮೆಟ್ಟಿಲು ಹತ್ತಿದೆ. ಅಜ್ಜಿ ಟವೆಲ್ ಹಿಡಿದ ಕೈ ಹಾಗೇ ಚಾಚಿತ್ತು, ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ. ಅಮ್ಮ ಬಂದು ಆ ಟವೆಲನ್ನು ಮೆಲ್ಲಗೆ ಬಿಡಿಸಿಕೊಂಡು ನನ್ನ ಕಾಲು ಒರೆಸಿದಳು. ವಾಪಸ್ಸಿಗೆ ಆಟೋ ಹಿಡಿದೆವು. "ಏನ್ ಆಂಟಿ, ಸೀಟೆಲ್ಲ ಒದ್ದೆ ಮಾಡ್ಬಿಟ್ರಿ," ಎಂದು ಡ್ರೈವರ್ ಗೊಣಗಿದ.

ಮನೆಗೆ ಬಂದು ಅಜ್ಜಿ ರೂಮಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನಾನು ಫ್ರಾಕು ಹಾಕಿಕೊಂಡು ಹಾಲಿನ ಮೂಲೆಯಲ್ಲಿ ಕೂತೆ. ಅಪ್ಪ ಶತಪಥ ಹಾಕುತ್ತಿದ್ದವನು ನನ್ನ ಮುಂದೆ ನಿಂತು ತಲೆ ಚಚ್ಚಿಕೊಂಡ.

"ಅಕ್ಕ ಮಾಡಿದ್ದನ್ನೇ ಮಾಡ್ಬಿಟ್ಯಲ್ಲೇ!"

ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ಅಕ್ಕ ಏನ್ ಮಾಡಿದ್ರು?"

ಉತ್ತರ ಬಂದದ್ದು ಅಪ್ಪನಿಂದಲ್ಲ, ರೂಮಿನ ಬಾಗಿಲಿನಿಂದ. ಅಜ್ಜಿ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಕಾಮಾಲೆ ಆಮೇಲೆ ಬಂದಿದ್ದು. ಆಗ ಕೆಂಗೇರಿ ಕೆರೇಲಿ ಇಳಿಸ್ತಾ ಇದ್ರು. ಇದೇ ಸೀರೆ. ಮೊಣಕಾಲ್ ತನಕ ಇಳಿದೋಳು, 'ಇವತ್ತು ಬೇಡಮ್ಮ' ಅಂತ ತಿರುಗಿ ಬಂದ್ಬಿಟ್ಲು. ಎಲ್ಲರ ಮುಂದೆ ಮಾನ ಹೋಯ್ತು ಅಂತ ನಾನು ಅವಳ ಹತ್ರ ಮಾತು ಬಿಟ್ಟೆ. ಯಾಕೆ ಬೇಡ ಅಂತ ಒಂದು ಮಾತು ಕೇಳ್ಲಿಲ್ಲ. ಮಳೆಗಾಲ ಕಳೆಯೋದ್ರೊಳಗೆ ಅವಳೇ ಇರ್ಲಿಲ್ಲ."

ನನಗೆ ಅಳು ನುಗ್ಗಿ ಬಂತು. ಅವಳಿಗಾಗಿ ಅಲ್ಲ, ನನಗಾಗಿ. ಹುಟ್ಟಿದಾಗಿನಿಂದ ನನ್ನದು ಎಂದು ನಾನು ಮಾಡಿದ್ದು ಒಂದೇ ಒಂದು ಕೆಲಸ, ಆ 'ಇಲ್ಲ'. ಅದೂ ಅವಳದೇ ಆಯಿತಲ್ಲ! ನಾನು ಅದನ್ನು ಕೂಗಿಯೇ ಹೇಳಿದೆ.

ಅಜ್ಜಿ ಬಂದು ನನ್ನೆದುರು ನೆಲದ ಮೇಲೆ ಕೂತಳು. ಆ ಮಂಡಿನೋವಿನವಳು ನೆಲಕ್ಕೆ ಕೂರುತ್ತಿದ್ದದ್ದು ಪ್ರಾರ್ಥನೆಗೆ ಮಾತ್ರ.

"ನೀನು ಯಾಕೆ ಬೇಡ ಅಂದೆ? ಹೇಳು. ಈ ಸಲ ಕೇಳ್ತೀನಿ."

"ಪಾಸ್ಟರ್ ಕೇಳಿದ್ದು ಸುನೀತಾನ. ನೀನು ಕಳಿಸಿದ್ದು ಪ್ರೇಮಾನ. ನೀರಲ್ಲಿ ನಿಂತಿರೋದು ಯಾರು ಅಂತ ನಂಗೇ ಗೊತ್ತಾಗ್ಲಿಲ್ಲ ಅಜ್ಜಿ."

ಅಜ್ಜಿ ಅಳತೊಡಗಿದಳು. "ಅವಳನ್ನ ಅಲ್ಲಿ ಸೇರಿಸ್ಕೊಂಡ್ರೋ ಇಲ್ವೋ ಅಂತ ಭಯ ಕಣೇ ನಂಗೆ. ಅದಕ್ಕೇ..."

ಅಮ್ಮ ಸೌಟು ಕೆಳಗಿಟ್ಟು ಬಂದು ಅಜ್ಜಿಯ ಪಕ್ಕ ಕೂತಳು. ಅಷ್ಟು ಮೆತ್ತಗೆ ಅವಳು ಅಜ್ಜಿಯ ಹತ್ತಿರ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅತ್ತೆ, ಅವಳದ್ದು ಏನಿತ್ತೋ ಅದನ್ನ ಅವಳೂ ದೇವರೂ ಮಾತಾಡ್ಕೊಂಡಿರ್ತಾರೆ. ಅವನಿಗೆ ಗುರುತು ಸಿಗಲ್ವಾ? ಒಬ್ಬಳನ್ನ ಕಳಿಸಿ ಇನ್ನೊಬ್ಬಳನ್ನ ಬಿಡಿಸ್ಕೊಂಡು ಬರೋಕೆ ಅದೇನು ಪೊಲೀಸ್ ಸ್ಟೇಷನ್ನಾ?"

ಅಳುತ್ತಿದ್ದ ಅಜ್ಜಿಗೆ ಅದರ ನಡುವೆಯೇ ನಗು ಬಂತು. ಸೆರಗಿನಿಂದ ಮೂಗೊರೆಸಿಕೊಂಡು, ತುಂಬ ಹೊತ್ತು ಗೋಡೆಯ ಫೋಟೋವನ್ನೂ ನನ್ನನ್ನೂ ತಿರುಗಿ ತಿರುಗಿ ನೋಡಿದಳು. ಒಬ್ಬರಿಂದ ಒಬ್ಬರನ್ನು ಬಿಡಿಸುವುದು ಅವಳಿಗೆ ಸುಲಭವಿದ್ದಿರಲಾರದು.

ಮುಂದೆ ನಾನೂ ನೀರಿಗಿಳಿದೆ, ಕಾಲೇಜು ಮುಗಿದ ಮೇಲೆ, ಯಾರೂ ಹೇಳದೆ, ಹಳದಿ ಚೂಡಿದಾರದಲ್ಲಿ. ಅಜ್ಜಿ ಕುರ್ಚಿಯಲ್ಲಿ ಕೂತು ನೋಡಿದಳು. ಬಿಳಿ ಸೀರೆ ಟ್ರಂಕಿನಲ್ಲೇ ಉಳಿದು, ಕೊನೆಗೆ ಅಜ್ಜಿಯನ್ನು ಮಣ್ಣಿಗಿಡುವಾಗ ಅವಳ ಮೈಮೇಲೆ ಹೋಯಿತು. ಆದರೆ ನನಗೆ ಒಂದು ಹೆಸರು ಬಂದದ್ದು ಆ ದಿನಗಳಲ್ಲಲ್ಲ. ಅದು ಬಂದದ್ದು ಆ ಈಸ್ಟರ್ ಮಧ್ಯಾಹ್ನವೇ, ಊಟಕ್ಕೆ ಕೂತಾಗ.

ಅನ್ನ ಸಾರು ಮುಗಿದಿತ್ತು. ಬಿಸಿಲು ನೆಲದ ಮೇಲೆ ಮೈಚಾಚಿತ್ತು. ಅಜ್ಜಿ ಪಾಯಸದ ಪಾತ್ರೆ ಎಳೆದುಕೊಂಡು, ಅಭ್ಯಾಸದಂತೆ ತಳ ಕೆದಕಿ, ಸೌಟಿನ ತುಂಬ ದ್ರಾಕ್ಷಿ ಎತ್ತಿ ನನ್ನ ಬಟ್ಟಲಿನ ಮೇಲೆ ತಂದಳು. ಅಲ್ಲೇ ಕೈ ನಿಲ್ಲಿಸಿದಳು.

"ಸುನೀತಾ," ಅಂದಳು. ಹೊಸ ಚಪ್ಪಲಿ ಮೆಟ್ಟಿದವರಂತೆ ಆ ಹೆಸರನ್ನು ಮೆಲ್ಲಗೆ, ತಡವರಿಸಿ ಅಂದಳು. "ನಿಂಗೆ ದ್ರಾಕ್ಷಿ ಇಷ್ಟಾನಾ?"

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಬೇಕೆಂದೇ ತನ್ನ ತಟ್ಟೆ ನೋಡಿಕೊಂಡಳು.

"ಇಲ್ಲ ಅಜ್ಜಿ. ಯಾವತ್ತೂ ಇಷ್ಟ ಇರ್ಲಿಲ್ಲ."

ಅಜ್ಜಿ ಆ ಸೌಟನ್ನು ತನ್ನ ಬಟ್ಟಲಿಗೆ ಬಗ್ಗಿಸಿಕೊಂಡಳು. ಬರೀ ಶಾವಿಗೆ, ಹಾಲು ನನಗೆ ಬಡಿಸಿದಳು. ಆಮೇಲೆ, ಒಂದೊಂದೇ ದ್ರಾಕ್ಷಿಯನ್ನು ಬೆರಳಲ್ಲಿ ಎತ್ತಿ, ಮಗಳ ಪಾಲಿನದನ್ನೆಲ್ಲ ತಾನೇ ತಿಂದು ಮುಗಿಸಿದಳು.